ಕಾದಂಬರಿಯ ಸೂತಕ

ಕಾದಂಬರಿ ಓದಿ ಅಳುವವರನ್ನು ಕಂಡರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಯಿತು. ನಾನು ಅವರ ವಯಸ್ಸಿನಲ್ಲಿ ಒಂದು ಕಾದಂಬರಿ ಓದಿ ಇಡೀ ಓಣಿಯನ್ನೇ ಅಳಿಸಿದವಳು. ಅಷ್ಟೇ ಅಲ್ಲ, ಕನ್ಯೆ ನೋಡಲು ಬಂದವರನ್ನು ಓಣಿಯ ಮೂಲೆಯಿಂದಲೇ ವಾಪಸು ಹೋಗುವಂತೆ ಮಾಡಿದವಳು. ಅದೂ ನನಗೆ ಬಹಳ ಬೇಕಾಗಿದ್ದ ಸಂಬಂಧ. ಬೇಡಾದದ್ದಾಗಿದ್ದರೆ ಈ ಕಥೆಯನ್ನು ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಲೇ ಇರಲಿಲ್ಲ.

ಏಕೀಕರಣವಾಗಿ ಮೂರು-ನಾಲ್ಕು ವರ್ಷವಾಗಿತ್ತು. ಅಲ್ಲಿಯ ತನಕ ಮುಂಬಯಿಯ ಕಡೆ ಮುಖ ಮಾಡಿ ಕೂತಿದ್ದ ನಮ್ಮ ಗೋಕಾಕಕ್ಕೆ ಮೈಸೂರು ಸೀಮೆಯ ಹೊಸ ಹೊಸ ಕಾದಂಬರಿಗಳು ಬರತೊಡಗಿದ್ದವು. ಊರಿಗೆ ಹೇಗೆ ಬರುತ್ತಿದ್ದವೋ ಗೊತ್ತಿಲ್ಲ, ನಮ್ಮ ಮನೆಗೆ ಬರುತ್ತಿದ್ದದ್ದು ಮಾತ್ರ ನನ್ನ ಸೋದರಮಾವನ ಅರಿವೆ ಗಂಟಿನಲ್ಲಿ. ಮಾವನಿಗೆ ಮೂಡಲಗಿಯಲ್ಲಿ ಸೀರೆ-ಕುಪ್ಪಸದ ಅಂಗಡಿಯಿತ್ತು. ಪ್ರತಿ ವಾರ ಸಂತೆಗೆಂದು ಗೋಕಾಕಕ್ಕೆ ಬರುವಾಗ ಇಳಕಲ್ ಸೀರೆಗಳ ನಡುವೆ ಎರಡು ಕಾದಂಬರಿ ಇಟ್ಟುಕೊಂಡು ಬರುತ್ತಿದ್ದ. ಓದಿ ಆರಿಸುತ್ತಿದ್ದ ಅಂದುಕೊಳ್ಳಬೇಡಿ. ಸೀರೆ ಆರಿಸಿದಂತೆಯೇ ಆರಿಸುತ್ತಿದ್ದ. ರಟ್ಟಿನ ಬಣ್ಣ ನೋಡಿ, ಬೆರಳಲ್ಲಿ ಹಾಳೆ ತಿಕ್ಕಿ, "ಮಾಲ್ ಚಲೋ ಐತಿ, ಬಣ್ಣ ಹೋಗಂಗಿಲ್ಲ" ಎಂದು ನನ್ನ ಕೈಗಿಡುತ್ತಿದ್ದ.

ನಾನಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕೂತಿದ್ದ ಹತ್ತೊಂಬತ್ತು ವರ್ಷದ ಹುಡುಗಿ. ಅಪ್ಪ ಗಿರಣಿಯಲ್ಲಿ ಗುಮಾಸ್ತ. ಕಾದಂಬರಿ ಓದುವವರ ಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬೀಳುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಅದರಲ್ಲಿ ಸುಳ್ಳೂ ಇರಲಿಲ್ಲ, ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಉಕ್ಕುತ್ತಿತ್ತು. ಆದರೂ ಅವನು ಬಾಯಿ ಬಿಡುವಂತಿರಲಿಲ್ಲ. ಯಾಕೆಂದರೆ ಆ ಕಾದಂಬರಿಗಳನ್ನು ನಾನು ಓದುತ್ತಿದ್ದದ್ದು ಅವನ ತಾಯಿಗಾಗಿ.

ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಎಂದು ಕರೆಯುತ್ತಿದ್ದೆವು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರು ಆಕೆಯ ತವರು. ಹನ್ನೊಂದನೆಯ ವರ್ಷಕ್ಕೆ ಮದುವೆಯಾಗಿ ಗೋಕಾಕಕ್ಕೆ ಬಂದವಳು ಐವತ್ತು ವರ್ಷ ಬರೇ ಮನೆ ಕೆಲಸ ಮಾಡಿ, ಗಂಡ ಸತ್ತು, ಸೊಸೆ ಬಂದು, ಕೊನೆಗೊಮ್ಮೆ ಕೂತುಕೊಂಡಾಗ ಸಿಕ್ಕವಳು ನಾನು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಎರಡು ತಾಸು ನಾನು ಗಟ್ಟಿಯಾಗಿ ಓದಬೇಕು, ಆಕೆ ಅಡಿಕೆ ಕತ್ತರಿಸುತ್ತ ಕೇಳಬೇಕು. ಮನೆಗೆ ಯಾರೇ ಬರಲಿ, "ಈಗಲ್ಲ, ಸಂಜೀಗಿ ಬರ್ರಿ, ನಮ್ಮ ಓದು ನಡದೈತಿ" ಎಂದು ಹೊಸ್ತಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದಳು.

ಮೊದಲು ಬಂದದ್ದು ನೀಲಿ ರಟ್ಟಿನದು. ಅದರ ನಾಯಕ ಬೆಂಗಳೂರಿನ ಮಹಡಿ ಕೋಣೆಯೊಂದರಲ್ಲಿ ಕೂತು, ಮದುವೆಯಾಗಲೋ ಬೇಡವೋ ಎಂದು ಮುನ್ನೂರು ಪುಟ ವಿಚಾರ ಮಾಡುತ್ತಾನೆ. ಕಿಟಕಿ ತೆರೆದು ವಿಚಾರ ಮಾಡುತ್ತಾನೆ, ಕಿಟಕಿ ಮುಚ್ಚಿ ಮತ್ತೆ ವಿಚಾರ ಮಾಡುತ್ತಾನೆ. ನನಗಂತೂ ಹುಚ್ಚು ಹಿಡಿದುಬಿಟ್ಟಿತು. ಇಂಥ ಗಂಭೀರ ಪುಸ್ತಕ ಜಗತ್ತಿನಲ್ಲೇ ಇಲ್ಲವೆಂದುಕೊಂಡು ನಾನೂ ಅಟ್ಟದ ಕಿಟಕಿಯ ಮುಂದೆ ಗದ್ದಕ್ಕೆ ಕೈ ಹಚ್ಚಿ ಕೂತೆ. ಕೆಳಗೆ ಎಮ್ಮೆ ಕಾಣುತ್ತಿತ್ತು. ಎಮ್ಮೆಯ ಬಗ್ಗೆ ಎಷ್ಟು ಅಂತ ವಿಚಾರ ಮಾಡುವುದು? ಹತ್ತು ನಿಮಿಷಕ್ಕೆ ಕೆಳಗಿಳಿದು ಬಂದೆ.

ಆಯಿ ಮಾತ್ರ ನೂರನೆಯ ಪುಟದ ಹತ್ತಿರ ಅಡಕೊತ್ತು ಕೆಳಗಿಟ್ಟು ಕೇಳಿದಳು.

"ಆಂವಗ ಉಣ್ಣಾಕ ಯಾರ ಹಾಕ್ತಾರ?"

ನಾನು ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ನೂರು ಪುಟದಲ್ಲಿ ಅವನು ಹದಿನಾಲ್ಕು ಸಲ ಕಾಫಿ ಕುಡಿದಿದ್ದ, ಒಂದು ತುತ್ತು ಉಂಡಿರಲಿಲ್ಲ.

"ಹಸದ ಹೊಟ್ಟ್ಯಾಗ ಕುಂತ್ರ ಮದಿವಿ ವಿಚಾರ ಹೆಂಗ ಬಗೀಹರೀತೈತಿ? ಎರಡ ಬಿಸಿ ರೊಟ್ಟಿ ತಿಂದಿದ್ರ ನಾಕ ಪುಟದಾಗ ಮುಗೀತಿತ್ತು" ಎಂದಳು. ಆ ದಿನ ನನಗೆ ಸಿಟ್ಟು ಬಂತು. ಮೈಸೂರಿನವರು ಅಷ್ಟು ಕಷ್ಟಪಟ್ಟು ಬರೆದದ್ದನ್ನು ಈ ಮುದುಕಿ ರೊಟ್ಟಿಯಿಂದ ಅಳೆಯುತ್ತಾಳಲ್ಲ ಎಂದು. ಆದರೆ ನೋಡಿ, ಅಂದಿನಿಂದ ಇಂದಿನವರೆಗೆ ಯಾವ ಕಾದಂಬರಿ ಹಿಡಿದರೂ ಇವರು ಉಂಡರೋ ಇಲ್ಲವೋ ಎಂದು ಮೊದಲು ಹುಡುಕುತ್ತೇನೆ. ಉಣ್ಣದವರನ್ನು ನಂಬುವುದು ನನಗೆ ಆಗುವುದಿಲ್ಲ.

ಎರಡನೆಯದು ರೈಲಿನ ಕಾದಂಬರಿ. ಜಾತ್ರೆಯಲ್ಲಲ್ಲ, ರೈಲಿನಲ್ಲಿ ತಪ್ಪಿಸಿಕೊಂಡ ಅಕ್ಕ-ತಂಗಿಯರು, ಇಬ್ಬರು ವಕೀಲರು, ಒಬ್ಬ ಕುರುಡ ಸಂಗೀತಗಾರ, ಹದಿನೆಂಟು ವರ್ಷದ ನಂತರ ಎಲ್ಲರೂ ಒಂದೇ ಸ್ಟೇಷನ್ನಿನಲ್ಲಿ ಒಂದೇ ಗಾಡಿಗೆ ಕಾಯುತ್ತ ಕೂತು ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಓದುವಾಗ ನನ್ನ ಮೈಮೇಲೆ ಮುಳ್ಳೆದ್ದವು. ಕೊನೆಯ ಅಧ್ಯಾಯವನ್ನು ನಿಂತುಕೊಂಡು ಓದಿದೆ, ಕೂರಲಾಗಲಿಲ್ಲ. ಆಯಿ ಎಲ್ಲ ಕೇಳಿ, ಸಂಚಿಯಿಂದ ಎಲೆ ತೆಗೆದು, "ಅಷ್ಟೂ ಮಂದಿ ಒಂದ ಟೇಸನ್ಯಾಗ ಹೆಂಗ ಕೂಡ್ತಾರವಾ? ಹಿಂದಕ ಒಮ್ಮಿ ನಮ್ಮ ಟೇಸನ್ಯಾಗ ನನ್ನ ಕರಕೊಂಡ ಹೋಗಾಕ ಬಂದ ಅಳ್ಯಾನ ನನಗ ಸಿಗಲಿಲ್ಲ, ಎದುರಿಗೇ ನಿಂತಿದ್ದ" ಎಂದಳು. ನಾನು ಪುಸ್ತಕ ಮುಚ್ಚಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಲೇಖಕನ ಮೇಲಿದ್ದ ಪ್ರೀತಿ ಅಷ್ಟೇನೂ ಕಡಿಮೆಯಾಗಲಿಲ್ಲ, ಆದರೆ ಅವನ ಸ್ಟೇಷನ್ನಿನ ಮೇಲಿನ ವಿಶ್ವಾಸ ಹೋಯಿತು.

ಇಷ್ಟೆಲ್ಲದರ ನಡುವೆ ನಾನೊಂದು ಕಿತಾಪತಿ ಮಾಡುತ್ತಿದ್ದೆ. ಅದೇ ಮುಂದೆ ನನಗೆ ಮುಳುವಾಯಿತು. ಪುಸ್ತಕದಲ್ಲಿದ್ದ "ನಾನು ಹೋಗುತ್ತಿದ್ದೇನೆ, ನೀವು ಬರುವಿರಾ" ಎಂಬಂಥ ಮಾತು ಆಯಿಗೆ ಕೋರ್ಟಿನ ಕಾಗದದಂತೆ ಕೇಳುತ್ತಿತ್ತು. "ಹಿಂಗ ಯಾರ ಮಾತಾಡ್ತಾರ? ಅವ್ರೇನ ನಾಟಕದವ್ರೇನ?" ಎನ್ನುತ್ತಿದ್ದಳು. ಅದಕ್ಕೆ ನಾನು ಓದುತ್ತ ಓದುತ್ತಲೇ ಎಲ್ಲರ ಮಾತನ್ನೂ ನಮ್ಮ ಕಡೆಗೆ ತಿರುಗಿಸಿದೆ. ನಾಯಕಿಯರು "ನಾ ಒಲ್ಲೆ ಹೋಗ್ರಿ" ಎನ್ನತೊಡಗಿದರು. ಮಾತು ಬದಲಾದ ಮೇಲೆ ಊರು ಹಾಗೇ ಉಳಿಯುತ್ತದೆಯೇ? ಮೈಸೂರು ಹುಕ್ಕೇರಿಯಾಯಿತು, ಕಾವೇರಿ ಘಟಪ್ರಭೆಯಾಯಿತು, ರಾಜರ ದೊಡ್ಡ ರಸ್ತೆಯೊಂದು ಹತ್ತರಗಿಯ ಹೆದ್ದಾರಿಯಾಯಿತು. ಆಯಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮೈಸೂರಿನವರು ನಮ್ಮ ಸೀಮೆಯ ಬಗ್ಗೆ ಎಷ್ಟು ಚೆನ್ನಾಗಿ ಬರೆಯುತ್ತಾರೆ ಎಂದು ಓಣಿಯ ತುಂಬ ಹೊಗಳಿಕೊಂಡು ಬರುತ್ತಿದ್ದಳು.

ಆಗಲೇ ಮಾವ ಹುಕ್ಕೇರಿಯ ಸಂಬಂಧದ ಸುದ್ದಿ ತಂದ. ವರ ಸಾಲಿ ಮಾಸ್ತರ, ತಂದೆಯಿಲ್ಲ, ತಾಯಿ ಇದ್ದಾಳೆ, ಸ್ವಲ್ಪ ಹೊಲ ಇದೆ. ಇಷ್ಟು ಹೇಳಿ ಮಾವ ಕೊನೆಗೆ, ಏನೂ ದೊಡ್ಡ ಮಾತಲ್ಲವೆಂಬಂತೆ, "ಕಾದಂಬರಿ ಇಡಾಕನ ಅವರ ಮನ್ಯಾಗ ಒಂದ ಕಾಚಿನ ಕಪಾಟ ಐತಿ" ಎಂದ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಕೈ ಅಲ್ಲೇ ನಿಂತಿತು. ವರನ ಬಣ್ಣ, ಎತ್ತರ, ಮೂಗು ಯಾವುದನ್ನೂ ನಾನು ಕೇಳಲಿಲ್ಲ. ಆ ಗಾಜಿನ ಕಪಾಟಿಗೆ ಎಷ್ಟು ಅಂಕಣ ಎಂದು ಮಾತ್ರ ಕೇಳಿದೆ. ನಾಲ್ಕು ಎಂದ ಮಾವ. ಆ ವಾರವಿಡೀ ನನಗೆ ಕಾಲು ನೆಲಕ್ಕೆ ತಾಕಲಿಲ್ಲ. ಈ ಸಂಬಂಧ ಕೂಡಿ ಬರಲಿ ಎಂದು ಕಂಡ ಕಂಡ ಗುಡಿಯ ಕಟ್ಟೆಗೆಲ್ಲ ಕೈ ಮುಗಿದೆ.

"ಈಕಿ ಹುಕ್ಕೇರಿಗಿ ಹ್ವಾದ್ರ ನಿಮಗ ಓದಿ ಹೇಳಾವ್ರ ಯಾರ್ರಿ ಅತ್ತಿ?" ಎಂದು ಅವ್ವ ಆಯಿಯನ್ನು ಚೇಷ್ಟೆ ಮಾಡಿದಳು.

"ನಾ ಏನ ಹುಟ್ಟೂ ಮುಂದ ಕಾದಂಬರಿ ಕೇಳ್ಕೋಂತ ಹುಟ್ಟೀನೇನ?" ಎಂದು ಆಯಿ ಗದರಿಸಿದಳು. ಆ ಮಧ್ಯಾಹ್ನ ಎರಡು ತಾಸಿಗೆ ಬದಲು ಮೂರು ತಾಸು ಓದಿಸಿದಳು. ನನಗೆ ಕಪಾಟಿನ ಗುಂಗು, ಇದನ್ನು ಗಮನಿಸಲೇ ಇಲ್ಲ.

ಆಗ ನಡೆಯುತ್ತಿದ್ದದ್ದು ಕೆಂಪು ರಟ್ಟಿನ ಕಾದಂಬರಿ. ಅದರ ನಾಯಕಿ ತಾಯಿಯಿಲ್ಲದ ಹುಡುಗಿ, ನದಿ ದಂಡೆಯ ಊರಿನವಳು, ಬಹಳ ಒಳ್ಳೆಯವಳು. ಒಳ್ಳೆಯವಳಾದ್ದರಿಂದ ನಲವತ್ತನೆಯ ಪುಟದಿಂದಲೇ ಕೆಮ್ಮು ಶುರುವಾಗಿತ್ತು. ಆಯಿಗೆ ಹತ್ತಿರವಾಗಲಿ ಎಂದು ನಾನು ಅವಳ ತವರನ್ನು ದಡ್ಡಿಯೆಂದೇ ಮಾಡಿಬಿಟ್ಟಿದ್ದೆ. ಆಯಿ ಮೊದಲ ದಿನವೇ ಅವಳ ಮನೆ ಎಲ್ಲಿರಬಹುದೆಂದು ಗುರುತು ಹಚ್ಚಿದ್ದಳು. ಹೊಳೆಗೆ ಇಳಿಯುವ ದಾರಿಯಲ್ಲಿ ಬೇವಿನ ಗಿಡದ ಬಾಜೂಕ್ಕಿರುವ ಮನೆ ಅಂದರೆ ತನ್ನ ಕಾಕಾನ ಮೊಮ್ಮಕ್ಕಳ ಪೈಕಿ ಯಾರೋ ಇರಬೇಕು. ದಿನಾ ಓದು ಶುರುವಾಗುವ ಮೊದಲು "ನಮ್ಮ ಹುಡಿಗೀಗಿ ಇವತ್ತ ಹೆಂಗೈತಿ?" ಎಂದು ಕೇಳುತ್ತಿದ್ದಳು. ನಾನು ಇದನ್ನು ಆಕೆಯ ಚೇಷ್ಟೆಯೆಂದುಕೊಂಡಿದ್ದೆ.

ಹುಕ್ಕೇರಿಯವರು ಕನ್ಯೆ ನೋಡಲು ಬರುವ ದಿನ ಗೊತ್ತಾಯಿತು, ಸಂಜೆ ನಾಲ್ಕಕ್ಕೆ. ಅವ್ವ ಮುಂಜಾನೆಯಿಂದ ಒಲೆಯ ಮುಂದೆ. ನನಗೆ ಹಸಿರು ಸೀರೆ ಉಡಿಸಿ, ತಲೆಗೆ ಹೂ ಮುಡಿಸಿ, ಸುಮ್ಮನೆ ಕೂತಿರು ಎಂದಳು. ಸುಮ್ಮನೆ ಕೂರುವುದು ಹೇಗೆ? ಕೆಂಪು ಪುಸ್ತಕದಲ್ಲಿ ಆ ಹುಡುಗಿ ಹೆತ್ತು ಮಲಗಿದ್ದಳು, ಹೊರಗೆ ಮಳೆ, ಡಾಕ್ಟರು ದಾರಿಯಲ್ಲಿದ್ದ. ಒಂದೇ ಅಧ್ಯಾಯ ಎಂದು ಆಯಿಯ ಮುಂದೆ ಕೂತೆ. ಡಾಕ್ಟರು ಬರುವುದರೊಳಗೆ ಹುಡುಗಿ ಸತ್ತಳು.

ನಾನು ಬಿಕ್ಕಿ ಬಿಕ್ಕಿ ಅತ್ತೆ. ಕಾಡಿಗೆ ಕೆನ್ನೆಗಿಳಿಯಿತು, ಸೆರಗು ಒದ್ದೆಯಾಯಿತು. ಆಯಿ ಅಳಲಿಲ್ಲ. ಅಡಕೊತ್ತು ಬದಿಗಿಟ್ಟು ಎದ್ದು ಹಿತ್ತಲಿಗೆ ಹೋದಳು. ಬಚ್ಚಲ ಕಲ್ಲಿನ ಮೇಲೆ ಕೂತು, ಉಟ್ಟ ಸೀರೆಯಲ್ಲೇ, ಒಂದು ಕೊಡ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ತವರಿನ ಬಳಗದವರು ಸತ್ತ ಸುದ್ದಿ ಬಂದರೆ ನಮ್ಮಲ್ಲಿ ಹಾಗೆ ಮಾಡಬೇಕು.

ಗೋಡೆಯಾಚೆಯ ಮನೆಯಾಕೆ ಇಣುಕಿದಳು. "ಏನಾತ್ರಿ ಆಯಿ?"

"ನಮ್ಮ ದಡ್ಡಿ ಹುಡಿಗಿ ಹೋತ ನೋಡವಾ. ಹಡದ ಮೂರ ದಿನ ಆಗಿತ್ತ."

ಮುಂದಿನದನ್ನು ಹೇಳಬೇಕೇ? ನಮ್ಮ ಓಣಿಯಲ್ಲಿ ಸಾವಿನ ಸುದ್ದಿಗೆ ತಾರು-ಟಪಾಲು ಬೇಕಾಗಿರಲಿಲ್ಲ. ಅರ್ಧ ತಾಸಿನಲ್ಲಿ ಪಡಸಾಲೆ ತುಂಬ ಹೆಂಗಸರು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಒಬ್ಬಳು ರೊಟ್ಟಿ-ಝುಣಕದ ಬುತ್ತಿ ತಂದಳು, ಇನ್ನೊಬ್ಬಳು ಅನ್ನ-ಸಾರು ತಂದಳು. ನನ್ನ ಊದಿದ ಕಣ್ಣು ನೋಡಿ ಅವರಿಗೆ ಸಂಶಯವೇ ಉಳಿಯಲಿಲ್ಲ. "ಪಾಪ, ಎಷ್ಟ ಜೀವಾ ಹಚಗೊಂಡಿತ್ತ ಇದು" ಎಂದು ನನ್ನನ್ನೂ ಎಳೆದುಕೊಂಡು ಅತ್ತರು. ಶಿರಾ ತಿರುವುತ್ತಿದ್ದ ಅವ್ವ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಇಷ್ಟು ಜನರನ್ನು ನೋಡಿ, ಯಾರು ಸತ್ತರೆಂದು ತಿಳಿಯದೆ, ತಾನೂ ಒಂದೆರಡು ಹನಿ ಅತ್ತುಬಿಟ್ಟಳು. ನಾನು ಹೇಳಲು ನೋಡಿದೆ. ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ನನ್ನ ತಲೆಯನ್ನು ಎದೆಗೊತ್ತಿಕೊಳ್ಳುತ್ತಿದ್ದರು. ಅಳುವಿನ ನಡುವೆ ನನಗೆ ನಗೆ ಬೇರೆ ಬಂತು. ಭುಜ ಅಲುಗಾಡಿದ್ದು ನೋಡಿ ಅವರು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು.

ಸರಿಯಾಗಿ ಆಗಲೇ ಹುಕ್ಕೇರಿಯವರು ಬಸ್ಸಿಳಿದು ಓಣಿಯ ಮೂಲೆಗೆ ಬಂದು ನಮ್ಮ ಮನೆ ಕೇಳಿದ್ದಾರೆ. "ಅಲ್ಲೇನ ಹೋಗ್ತೀರ್ರಿ? ಈಗರ ಸಾವಿನ ಸುದ್ದಿ ಬಂದೈತಿ" ಎಂದಿದ್ದಾರೆ ಮೂಲೆಯವರು. ಸೂತಕದ ಮನೆಗೆ ಕನ್ಯೆ ನೋಡಲು ಯಾರು ಬರುತ್ತಾರೆ? ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋದರು.

ಅಪ್ಪನದು ಇನ್ನೊಂದು ಕಥೆ. ಅರ್ಧ ದಿನದ ರಜೆ ಹಾಕಿ, ಬೀಗರಾಗುವವರಿಗೆಂದು ಕರದಂಟಿನ ಪೊಟ್ಟಣ ಹಿಡಿದು ಬರುತ್ತಿದ್ದವನು ಬಾಗಿಲಲ್ಲಿ ಗದ್ದಲ ನೋಡಿ, ತನ್ನ ತಾಯಿಯೇ ಹೋದಳೆಂದುಕೊಂಡು "ಯವ್ವಾ" ಎಂದು ಚೀರುತ್ತ ಓಡಿ ಬಂದ. ಒಳಗೆ ಬಂದರೆ ತಾಯಿ ಒದ್ದೆ ಕೂದಲು ಬಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದಾಳೆ. ಅಪ್ಪ ಅಲ್ಲೇ ಕುಸಿದು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಸಣ್ಣ ಹುಡುಗನಂತೆ ಅತ್ತ. ನಾನು ಅವನು ಅತ್ತದ್ದು ನೋಡಿದ್ದು ಅದೊಂದೇ ಸಲ. ಆಮೇಲೆ ಸತ್ತವರು ಯಾರೆಂದು ನಾನು ಎಲ್ಲರೆದುರು ಹೇಳಿದೆ. ಅನ್ನ-ಸಾರು ತಂದಾಕೆ ತನ್ನ ಪಾತ್ರೆ ಎತ್ತಿಕೊಂಡು ಹೊರಟಳು. ಝುಣಕದಾಕೆ ಮಾತ್ರ ಒಳ್ಳೆಯವಳು. "ತಂದದ್ದ ತಂದೀನಿ, ಉಣ್ರಿ. ಆ ಕೂಸು ಏನಾತ?" ಎಂದು ಕೇಳಿಯೇ ಹೋದಳು.

ಅಪ್ಪನ ಸಿಟ್ಟು ನೆತ್ತಿಗೇರಿತು. ಕಾದಂಬರಿಯೆಂಬ ಶಬ್ದ ಇನ್ನು ಮನೆಯಲ್ಲಿ ಕೇಳಬಾರದೆಂದ. ಕೆಂಪು, ನೀಲಿ, ರೈಲು ಎಲ್ಲವನ್ನೂ ಗಂಟು ಕಟ್ಟಿ ಮಾವನ ಜೊತೆ ಮೂಡಲಗಿಗೆ ಕಳಿಸಿದ. ಮೂರು ದಿನಕ್ಕೆ ಹುಕ್ಕೇರಿಯಿಂದ ಹೇಳಿಕಳಿಸಿದರು. ಹೊಸ್ತಿಲು ತುಳಿಯುವ ಮೊದಲೇ ಅಪಶಕುನವಾಗಿದೆ, ಈ ಮಾತು ಇಲ್ಲಿಗೇ ಇರಲಿ ಎಂದು. ಅಟ್ಟಕ್ಕೆ ಹೋಗಿ ಎಮ್ಮೆಯನ್ನು ನೋಡುತ್ತ ಕೂತೆ. ಈ ಸಲ ವಿಚಾರ ಮಾಡಲು ಬೇಕಾದಷ್ಟು ಇತ್ತು. ನನ್ನ ಕೈಯಾರೆ ನಾನೇ ನನ್ನ ಸಂಬಂಧ ಕೆಡಿಸಿಕೊಂಡಿದ್ದೆ.

ಆಯಿ ಒಂದೊಂದೇ ಮೆಟ್ಟಿಲು ಹಿಡಿದು ಮೇಲೆ ಬಂದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಪುಸ್ತಕದಲ್ಲಿ ದಡ್ಡಿ ಇಲ್ಲ, ಘಟಪ್ರಭೆ ಇಲ್ಲ, ಅದೆಲ್ಲ ನಾನು ಹಾಕಿದ್ದು ಎಂದೆ.

"ಹಂಗಾರ ಆಕಿ ಸತ್ತಿಲ್ಲೇನ?" ಎಂದಳು ಆಯಿ, ಆಸೆಯಿಂದ.

"ಸತ್ತಾಳ ಆಯಿ. ಆದ್ರ ಮೈಸೂರ ಕಡೆ."

"ಎಲ್ಲಿ ಸತ್ರೇನ, ಸತ್ತಾಳಲ್ಲ. ನೀರ ಹಾಕ್ಕೊಂಡದ್ದ ಬರೋಬರಿ ಆತು" ಎಂದಳು. ಆಮೇಲೆ ನನ್ನ ಮುಖ ನೋಡಿ, "ಆ ಮಾಸ್ತರ ನಿನಗ ಖರೇನ ಬೇಕೇನ?" ಎಂದು ಕೇಳಿದಳು. ನಾನು ಹೂಂ ಎಂದೆ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ.

ಅಪ್ಪನಿಗೆ ಹುಕ್ಕೇರಿಗೆ ಹೋಗಿ ಹೇಳಲು ಮುಖವಿರಲಿಲ್ಲ. "ಪುಸ್ತಕದಾಗಿನ ಹೆಣಕ್ಕ ನಮ್ಮವ್ವ ನೀರ ಹಾಕ್ಕೊಂಡ್ಲು ಅಂತ ಹೆಂಗ ಹೇಳ್ಲಿ?" ಎಂದು ಒದ್ದಾಡಿದ. "ನೀ ಹೇಳಬ್ಯಾಡ, ನಾ ಹೇಳ್ತೀನಿ. ಬರೇ ಬಸ್ಸ ಹತ್ತಸು" ಎಂದಳು ಆಯಿ. ಹತ್ತು ವರ್ಷದಿಂದ ಊರು ಬಿಟ್ಟು ಕದಲದಿದ್ದವಳು ಘಟಪ್ರಭಾ ಊರಲ್ಲಿ ಬಸ್ಸು ಬದಲಾಯಿಸಿ, ಮಗನನ್ನೂ ಮೂಡಲಗಿಯ ಮಾವನನ್ನೂ ಎಡಬಲಕ್ಕೆ ಕೂಡಿಸಿಕೊಂಡು ಹುಕ್ಕೇರಿಗೆ ಹೋದಳು.

ಅಲ್ಲಿ ನಡೆದದ್ದನ್ನು ಮಾವ ಆಮೇಲೆ ಹತ್ತು ಸಲ ಹೇಳಿದ್ದಾನೆ. ವರನ ತಾಯಿ ಮೊದಲು ಬಿಗಿಯಾಗಿಯೇ ಇದ್ದಳಂತೆ, ಶೇಂಗಾ ಸುಲಿಯುತ್ತ, ತಲೆಯೆತ್ತದೆ. ಆಯಿ ಕ್ಷಮೆ-ಗಿಮೆ ಕೇಳಲಿಲ್ಲ. ನೇರ ಕಾದಂಬರಿಯ ಮೊದಲ ಪುಟದಿಂದ ಹೇಳಲು ಶುರು ಮಾಡಿದಳು, ನಾನು ಓದಿದಂತೆಯೇ, ದಡ್ಡಿ, ಬೇವಿನ ಗಿಡ, ಕೆಮ್ಮು ಎಲ್ಲ ಹಚ್ಚಿ. ಎರಡು ತಾಸು ಹೇಳಿದಳು. ಮಳೆ ಬಂದು ಡಾಕ್ಟರ ಬಂಡಿ ಕೆಸರಲ್ಲಿ ಸಿಕ್ಕಾಗ ವರನ ತಾಯಿಯ ಕೈಯಲ್ಲಿನ ಶೇಂಗಾ ಕೆಳಗೆ ಬಿತ್ತು. ಹುಡುಗಿ ಸತ್ತಾಗ ಸೆರಗು ಕಣ್ಣಿಗೆ ಹೋಯಿತು. ಆಯಿ ಕಥೆ ನಿಲ್ಲಿಸಿ, "ಈಗ ಹೇಳ್ರಿ, ನಾ ನೀರ ಹಾಕ್ಕೊಂಡದ್ದ ತಪ್ಪೇನ್ರಿ?" ಎಂದು ಕೇಳಿದಳು.

"ತಪ್ಪಲ್ರಿ" ಎಂದಳಂತೆ ವರನ ತಾಯಿ ಮೂಗು ಒರೆಸಿಕೊಳ್ಳುತ್ತ. "ಆ ಕೂಸು?"

"ಅದನ್ನ ಓದೂದರಾಗ ನೀವು ವಾಪಸ್ ಹ್ವಾದ್ರಿ, ನನ್ನ ಮಗಾ ಪುಸ್ತಕ ಕಸಗೊಂಡ" ಎಂದಳು ಆಯಿ. ವರನ ತಾಯಿ ಅಪ್ಪನ ಕಡೆ ನೋಡಿದ ನೋಟಕ್ಕೆ ಅಪ್ಪ ನಾಚಿ ನೀರಾದನಂತೆ. ಮುಂದಿನ ವಾರವೇ ಮತ್ತೆ ಬರುತ್ತೇವೆಂದು ಮಾತು ಕೊಟ್ಟರು.

ಬಂದರು. ಹಾಡು ಬರುತ್ತದೆಯೇ, ಸೂಜಿಗೆ ದಾರ ಹಾಕುತ್ತೀಯಾ, ನಡೆದು ತೋರಿಸು, ಈ ಯಾವುದನ್ನೂ ಕೇಳಲಿಲ್ಲ. ಅವಲಕ್ಕಿ ಚೂಡಾದ ತಾಟು ಇಟ್ಟ ಕೂಡಲೇ ವರನ ತಾಯಿ ಕೂಸಿನದನ್ನೇ ಕೇಳಿದಳು. ನಾನಂತೂ ಮಾವ ಸಂತೆಗೆ ಬಂದಾಗ ಅವನ ಗಂಟಿನಿಂದ ಆ ಕೆಂಪು ಪುಸ್ತಕ ಕದ್ದು ಓದಿ ಮುಗಿಸಿದ್ದೆ. ಕೂಸಿನ ಬಗ್ಗೆ ಲೇಖಕ ಅರ್ಧ ಪುಟವನ್ನೂ ಬರೆದಿಲ್ಲ, ಗಂಡ ನಾಲ್ಕೇ ಪುಟದಲ್ಲಿ ದವಾಖಾನೆಯ ನರ್ಸನ್ನು ಮದುವೆಯಾಗುತ್ತಾನೆ ಎಂದು ಹೇಳಿ, ಸಿಟ್ಟು ತಡೆಯದೆ, "ಮುನ್ನೂರ ಪುಟ ನಮ್ಮನ್ನ ಅಳಿಸಿದಾಂವಗ ಒಂದ ಕೂಸಿಗಿ ಹಾಲ ಕುಡಸಾಕ ಪುರಸೊತ್ತ ಇರಲಿಲ್ರಿ" ಎಂದುಬಿಟ್ಟೆ. ಅಪ್ಪ ಕೆಮ್ಮಿದ. ಅವ್ವ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು.

ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ ಮಾಸ್ತರ ತಲೆಯೆತ್ತಿದ. "ನಾನೂ ಹಂಗ ಅಂದಿದ್ನಿ" ಎಂದ. "ಅದಕ್ಕ ಅವ್ವ ಕೇಳಿದ್ರೂ ಕೂಸಿನ ಮಾತ ಹೇಳಲಿಲ್ಲ. ಆಕಿ ಸತ್ತ ಮ್ಯಾಲಿನ ಪುಟಾ ನಾ ಎರಡನೇ ಸಲ ಓದೂದಿಲ್ಲ."

ಎರಡನೇ ಸಲ! ಇವನು ಕಾದಂಬರಿಯನ್ನು ಎರಡು ಸಲ ಓದುವ ಗಂಡಸು! ಚಹಾದ ಬಟ್ಟಲನ್ನು ಎಲ್ಲರನ್ನೂ ಬಿಟ್ಟು ಮೊದಲು ಅವನ ಮುಂದಿಟ್ಟೆ. ಮೂಗು ಹೇಗಿದೆಯೆಂದು ಆಗ ನೋಡಿದೆ. ಚೆನ್ನಾಗಿಯೇ ಇತ್ತು.

ಮಾತುಕತೆಗೆ ಕೂತರು. ಕೊಡುವ-ತರುವ ಮಾತು ಬಹಳ ಬೆಳೆಯಲಿಲ್ಲ. ಕೊನೆಗೆ ವರನ ತಾಯಿ, "ನಿಮ್ಮ ಕಡೆಯಿಂದ ಏನರ ಕೇಳೂದಿದ್ರ ಹೇಳ್ರಿ" ಎಂದಳು. ಅಪ್ಪ ಏನೂ ಇಲ್ಲವೆನ್ನುವಷ್ಟರಲ್ಲಿ ಆಯಿ ಬಾಯಿ ಹಾಕಿದಳು.

"ಒಂದ ಐತ್ರಿ. ಮೂಡಲಗಿಯಿಂದ ಹೊಸಾ ಕಾದಂಬರಿ ಬಂದೈತಿ. ಅದು ಮುಗಿಯೂ ತನಕಾ ಹುಡಿಗಿ ಕಳಸೂದಿಲ್ಲ."

"ಎಷ್ಟ ದಪ್ಪ ಐತ್ರಿ?" ಎಂದು ಕೇಳಿದಳು ವರನ ತಾಯಿ, ಎತ್ತಿನ ವ್ಯಾಪಾರಕ್ಕೆ ಕೂತವರಂತೆ. ಮಾವ ಎರಡು ಬೆರಳು ಅಗಲಿಸಿ ತೋರಿಸಿದ. ಆರುನೂರು ಪುಟ.

"ದಿನಕ್ಕ ಇಪ್ಪತ್ತ ಹಿಡೀರಿ, ಒಂದ ತಿಂಗಳಾತು."

"ಐದ" ಎಂದಳು ಆಯಿ. "ಹಲ್ಲಿಲ್ಲದಾಕಿ ನಾನು, ಎಲ್ಲಾ ಸಾವಕಾಶ ಆಗಬೇಕು."

"ಐದಂದ್ರ ನಾಕ ತಿಂಗಳಾತ್ರಿ, ಮಳಿಗಾಲ ಬರ್ತೈತಿ. ಹದಿನೈದ ಮಾಡ್ರಿ."

"ಏಳ."

ಕೊನೆಗೆ ಹತ್ತಕ್ಕೆ ಕುದುರಿತು, ಎರಡು ತಿಂಗಳಿಗೆ. ಅಪ್ಪ ತಲೆ ಮೇಲೆ ಕೈಹೊತ್ತು ಕೂತಿದ್ದ. ಮುಹೂರ್ತ ಇಟ್ಟು ಸಕ್ಕರೆ ಹಂಚಿದರು. ನಮ್ಮ ಓಣಿಯಲ್ಲಿ ಬಂಗಾರಕ್ಕೆ ಹಟ ಮಾಡಿ ಮದುವೆ ಮುಂದೆ ಹೋದದ್ದನ್ನು ನೋಡಿದ್ದೆ, ಪುಟಗಳಿಗಾಗಿ ಹೋದದ್ದು ನನ್ನದೊಂದೇ.

ಆ ದಪ್ಪ ಕಾದಂಬರಿ ಒಂದು ದೊಡ್ಡ ಮನೆತನದ ಕಥೆ. ಅದರಲ್ಲಿ ಎಲ್ಲರೂ ಉಣ್ಣುತ್ತಿದ್ದರು, ಜಗಳಾಡುತ್ತಿದ್ದರು, ಎಮ್ಮೆ ಈಯುತ್ತಿತ್ತು. ಈ ಲೇಖಕನಿಗೆ ಆಯಿ ಒಂದೇ ಒಂದು ತಪ್ಪು ಕಂಡುಹಿಡಿಯಲಿಲ್ಲ. ಅಪ್ಪ ಕೂಡ ರಜೆಯ ದಿನ ಹಿಸಾಬಿನ ವಹಿ ತೆರೆದುಕೊಂಡು ಪಡಸಾಲೆಯ ಮೂಲೆಯಲ್ಲಿ ಕೂರುತ್ತಿದ್ದ, ಎರಡು ತಾಸು ಒಂದಕ್ಷರ ಬರೆಯುತ್ತಿರಲಿಲ್ಲ. ನನಗೋ ಅವಸರ. ಬೇಗ ಮುಗಿದರೆ ಬೇಗ ಮದುವೆಯಾದೀತೇನೋ ಎಂಬ ಹುಚ್ಚು ಲೆಕ್ಕ. ಒಮ್ಮೊಮ್ಮೆ ಎರಡು ಹಾಳೆ ಕೂಡಿಸಿ ತಿರುವುತ್ತಿದ್ದೆ. "ಈಗರ ಮುಂಜಾನಿ ಇತ್ತ, ಇಷ್ಟ ಲಗೂ ಹೊತ್ತ ಮುಣಗಿತೇನ?" ಎಂದು ಆಯಿ ಹಿಡಿಯುತ್ತಿದ್ದಳು. ಹಾಳೆ ತಿರುವಿದಾಗಲೊಮ್ಮೆ ಒಂದು ಹುಣಸೆ ಬೀಜ ಬದಿಗಿಟ್ಟು, ಐದಾದ ಕೂಡಲೇ ಪುಸ್ತಕ ಮುಚ್ಚಿಸುತ್ತಿದ್ದಳು. ಬೇಡಿಕೊಂಡರೂ ಆರನೆಯ ಹಾಳೆ ತಿರುವಗೊಡುತ್ತಿರಲಿಲ್ಲ.

ಮದುವೆಗೆ ಐದು ದಿನವಿದ್ದಾಗ ನಾಲ್ಕೇ ಪುಟ ಉಳಿದಿದ್ದವು. ನಾನು ಪುಸ್ತಕ ಹಿಡಿದು ಕೂತೆ. "ಇವತ್ತ ಬ್ಯಾಡ, ಕಣ್ಣ ನೋಯಾಕತ್ತಾವ" ಎಂದಳು. ಕೇಳಲು ಕಣ್ಣೇಕೆ ಬೇಕು ಎಂದರೆ, "ಕಿವೀನೂ ನೋಯಾಕತ್ತಾವ" ಎಂದಳು. ಮರುದಿನ ಅರಿಶಿಣ ಕುಟ್ಟಬೇಕು ಎಂದಳು, ಅದರ ಮರುದಿನ ಬೀಗರಿಗೆ ಬುತ್ತಿ ಕಟ್ಟಬೇಕು ಎಂದಳು. ಮದುವೆಯ ದಿನ ನನ್ನನ್ನು ಒಪ್ಪಿಸಿಕೊಡುವಾಗ ಅತ್ತೆ ನಗುತ್ತ, "ಪುಸ್ತಕ ಮುಗೀತಿಲ್ರಿ?" ಎಂದು ಕೇಳಿದರು. ಆಯಿ ನನ್ನ ಕಡೆ ನೋಡದೆ, "ಮುಗೀತ್ರಿ, ಕರಕೊಂಡ ಹೋಗ್ರಿ" ಎಂದಳು.

ನಾಗರ ಪಂಚಮಿಗೆ ತವರಿಗೆ ಬಂದೆ. ಉಂಡಿ ತಿಂದು, ಜೋಕಾಲಿ ಆಡಿ, ಮಧ್ಯಾಹ್ನ ಪಡಸಾಲೆಗೆ ಬಂದರೆ ಗೋಡೆಯ ಮಾಡದಲ್ಲಿ ಆ ದಪ್ಪ ಪುಸ್ತಕ ನಾನು ಬಿಟ್ಟುಹೋದಂತೆಯೇ ಇತ್ತು. ಮಾವ ಎಷ್ಟೋ ಸಲ ಓದಿ ಹೇಳಲು ಕೂತಿದ್ದನಂತೆ, ಆಯಿ ಮುಟ್ಟಗೊಡಲಿಲ್ಲವಂತೆ. ನಾನು ತೆಗೆದುಕೊಂಡು ಆಕೆಯ ಮುಂದೆ ಕೂತೆ.

"ನಾಕ ಪುಟ ಆಯಿ. ಮುಗಿಸೇಬಿಡ್ತೀನಿ."

ಆಕೆ ನನ್ನ ಕೈಯ ಮೇಲೆ ಕೈಯಿಟ್ಟಳು. "ಅದು ಮುಗದ್ರ ನೀ ಮತ್ಯಾಕ ಬರ್ತಿ?"

ನಾಲ್ಕು ಅಂಕಣದ ಕಪಾಟಿನ ಸಂಭ್ರಮದಲ್ಲಿ ಎರಡು ತಿಂಗಳು ಹಾಳೆ ಹಾರಿಸಿದವಳು ನಾನು. ಆಕೆ ನನ್ನ ಸಂಬಂಧ ಉಳಿಸಲು ಹುಕ್ಕೇರಿಗೆ ಬಸ್ಸು ಹತ್ತಿದಾಗ, ತನ್ನ ಮಧ್ಯಾಹ್ನಗಳನ್ನೇ ಬಿಟ್ಟುಕೊಟ್ಟು ಹೋಗಿದ್ದಳು. ನನಗೆ ಅದು ಗೊತ್ತಾದದ್ದು ಆಗ.

"ನಿನ್ನ ಸಲುವಾಗಿ ಬರ್ತೀನಿ ಆಯಿ" ಎಂದೆ.

"ಖರೇನ?"

"ಖರೇನ."

"ಹಂಗಾರ ಅದನ್ನ ಅತ್ತಾಗ ಇಡು" ಎಂದು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಬಾ, ಇಲ್ಲಿ ಬಾಜೂಕ ಕುಂದರು."

ಆ ಮಧ್ಯಾಹ್ನ ಎರಡು ತಾಸು ನಾವಿಬ್ಬರೂ ಏನನ್ನೂ ಓದಲಿಲ್ಲ.